ಉಳಿದ ಅನ್ನ: ಬಿಸಿ ಮಾಡಿದರೆ ಸಾಕೇ?



ಒಂದು ಸಂಘದ ವಾರ್ಷಿಕೋತ್ಸವದಲ್ಲಿ ಮಧ್ಯಾಹ್ನದ ಊಟಕ್ಕೆ ಮಾಡಿದ ಅನ್ನ ತುಂಬಾ ಉಳಿಯಿತು. ಎಸೆಯಲು ಯಾರಿಗೂ ಮನಸ್ಸಿಲ್ಲ. ದೊಡ್ಡ ಪಾತ್ರೆಯಲ್ಲೇ ಮುಚ್ಚಿಟ್ಟು, ಸಂಜೆ 6 ಗಂಟೆಗೆ ಸದಸ್ಯೆಯರು ಹಂಚಿಕೊಂಡು ಮನೆಗೆ ಒಯ್ದರು. ರಾತ್ರಿ ಅದನ್ನೇ ಚಿತ್ರಾನ್ನ ಮಾಡಿ ತಿಂದ ಒಂದು ಮನೆಯಲ್ಲಿ ಇಬ್ಬರು ಮಕ್ಕಳಿಗೆ ಮಲಗುವ ಮೊದಲೇ ವಾಂತಿ ಶುರುವಾಯಿತು. "ನಾನು ಚೆನ್ನಾಗಿ ಬಿಸಿ ಮಾಡಿಯೇ ಕೊಟ್ಟದ್ದು ಸಿಸ್ಟರ್, ವಾಸನೆಯೂ ಬಂದಿರ್ಲಿಲ್ಲ. ಮತ್ತೆ ಹೇಗೆ?" ಎಂದು ಆ ತಾಯಿ ಅಳುತ್ತಾ ಕೇಳಿದರು.

ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಬಿಸಿ ಮಾಡಿದರೆ ಎಲ್ಲಾ ಸತ್ತು ಹೋಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಅದು ಅರ್ಧ ಸತ್ಯ ಮಾತ್ರ.

ಮಣ್ಣಿನಲ್ಲಿ, ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣು ಇರುತ್ತದೆ. ಇದು ಗಟ್ಟಿ ಸಿಪ್ಪೆಯ ಬೀಜದಂತೆ ಅಡಗಿ ಕುಳಿತಿರುವುದರಿಂದ ಅನ್ನ ಕುದಿಯುವಾಗಲೂ ಸಾಯುವುದಿಲ್ಲ. ಅನ್ನ ಉಗುರು ಬೆಚ್ಚಗೆ ಆದಾಗ ಅದು ಮೊಳೆತು ಹೆಚ್ಚುತ್ತದೆ, ವಿಷ ಬಿಡುತ್ತದೆ. ಆ ವಿಷ ಮಾತ್ರ ಎಷ್ಟು ಬಿಸಿ ಮಾಡಿದರೂ, ಎಷ್ಟು ಒಗ್ಗರಣೆ ಹಾಕಿದರೂ ಹೋಗುವುದಿಲ್ಲ. ವಾಸನೆ, ರುಚಿಯಲ್ಲೂ ಗೊತ್ತಾಗುವುದಿಲ್ಲ. ಹಾಗಾಗಿ ತಪ್ಪು ಆದದ್ದು ರಾತ್ರಿ ಒಲೆಯ ಮುಂದೆ ಅಲ್ಲ, ಮಧ್ಯಾಹ್ನ ಪಾತ್ರೆ ಮುಚ್ಚಿಟ್ಟ ಜಾಗದಲ್ಲಿ.

5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ವರೆಗಿನ ಬಿಸಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಅಪಾಯದ ವಲಯ ಎಂದು ಕರೆಯುತ್ತದೆ. ಬೇಯಿಸಿದ ಆಹಾರವನ್ನು 2 ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು ಎನ್ನುತ್ತದೆ. ದೊಡ್ಡ ಪಾತ್ರೆಯ ನಡುವಿನ ಅನ್ನ ಸಂಜೆಯಾದರೂ ಬೆಚ್ಚಗೇ ಇರುತ್ತದಲ್ಲ, ಅದೇ ತೊಂದರೆ. ಉಳಿಯುತ್ತದೆ ಎಂದು ಗೊತ್ತಾದ ಕೂಡಲೇ ಅಗಲವಾದ ಹರಿವಾಣಗಳಲ್ಲಿ ತೆಳ್ಳಗೆ ಹರಡಿ ಆರಿಸಿ. ಸಾಂಬಾರಿನ ಪಾತ್ರೆಯನ್ನು ತಣ್ಣೀರಿನ ಟಬ್ಬಿನಲ್ಲಿಟ್ಟು ಆಗಾಗ ಕದಡಿ. ನಂತರ ಚಿಕ್ಕ ಡಬ್ಬಿಗಳಲ್ಲಿ ಫ್ರಿಜ್ಜಿಗೆ. ಫ್ರಿಜ್ಜು ಇಲ್ಲದಿದ್ದರೆ, ಅಥವಾ ಕರೆಂಟು ದಿನವಿಡೀ ಹೋಗುವ ಊರಾದರೆ, ಬಿಸಿ ಇರುವಾಗಲೇ ನೆರೆಹೊರೆಗೆ ಹಂಚಿ, ಕೂಡಲೇ ತಿನ್ನಲು ಹೇಳಿ. ಮುಂದಿನ ಸಲ ಒಂದು ಸೇರು ಕಡಿಮೆ ಹಾಕಿ.

ಹಬ್ಬದ ಮಾಂಸದ ಸಾರಿಗೂ ಇದೇ ಎಚ್ಚರ. ದೊಡ್ಡ ಪಾತ್ರೆಯಲ್ಲಿ ನಿಧಾನವಾಗಿ ಆರುವ ಮಾಂಸದ ಗಸಿಯಲ್ಲಿ ಬೇರೊಂದು ಜಾತಿಯ ಸೂಕ್ಷ್ಮಾಣು ಬೆಳೆಯುತ್ತದೆ. ಬಿಸಿ ಮಾಡುವಾಗ ಅಂಚಿನಲ್ಲಿ ಹೊಗೆ ಬಂದರೆ ಸಾಲದು, ನಡುವಿನಲ್ಲೂ ಕೊತಕೊತ ಕುದಿಯಬೇಕು. ಬೇಕಾದಷ್ಟನ್ನೇ ತೆಗೆದು ಒಂದೇ ಸಲ ಬಿಸಿ ಮಾಡಿ. ಮೈಕ್ರೋವೇವ್ ಇದ್ದವರು ನಡುವೆ ಒಮ್ಮೆ ಕದಡಬೇಕು, ಅದು ಎಲ್ಲಾ ಕಡೆ ಸಮನಾಗಿ ಕಾಯಿಸುವುದಿಲ್ಲ.

"ನಮ್ಮಜ್ಜಿ ಮೀನುಸಾರು ಮೂರು ದಿನ ಇಡ್ತಿದ್ರು" ಎಂದು ಯಾರಾದರೂ ಹೇಳಿಯೇ ಹೇಳುತ್ತೀರಿ. ನಿಜ. ಆದರೆ ಅಜ್ಜಿ ಹುಣಸೆಹುಳಿ ಧಾರಾಳ ಹಾಕುತ್ತಿದ್ದರು, ಬೆಳಿಗ್ಗೆ ಸಂಜೆ ಕುದಿಸುತ್ತಿದ್ದರು, ಕುದಿಸಿದ ಮೇಲೆ ಸೌಟು ಮುಳುಗಿಸಲು ಯಾರಿಗೂ ಬಿಡುತ್ತಿರಲಿಲ್ಲ. ಅಷ್ಟು ಶಿಸ್ತು ನಮ್ಮಲ್ಲಿ ಈಗ ಎಲ್ಲಿದೆ? ಅನ್ನಕ್ಕೆ ಆ ಲೆಕ್ಕ ಹಿಡಿಯಲೇಬೇಡಿ.

ಇನ್ನೊಂದು ಮಾತು. ಮನೆ ಭೇಟಿಗೆ ಹೋದಾಗ ನಾನು ಕಂಡದ್ದು: ಗಂಡನಿಗೆ, ಮಕ್ಕಳಿಗೆ ಬಿಸಿ ಅನ್ನ, ತಂಗಳು ಮಾತ್ರ ಅಮ್ಮನ ಬಟ್ಟಲಿಗೆ. "ಹಾಳಾಗ್ಬಾರ್ದಲ್ಲ ಸಿಸ್ಟರ್" ಎನ್ನುತ್ತೀರಿ. ಗರ್ಭಿಣಿಯರೂ ಹೀಗೆ ತಿನ್ನುವುದನ್ನು ನೋಡಿದ್ದೇನೆ. ಮಗುವಿಗೆ ಕೊಡಲು ಹೆದರುವ ಅನ್ನ ನಿಮಗೂ ಬೇಡ.

ವಾಂತಿಭೇದಿ ಆದರೆ ಓಆರ್‌ಎಸ್ ಪುಡಿ ಕಲಸಿ ಕೊಡಿ. ಇಲ್ಲದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಳತೆಗೆ ಟೀ ಚಮಚವೇ ಇರಲಿ. ಸ್ವಲ್ಪ ಸ್ವಲ್ಪವೇ ಕುಡಿಸುತ್ತಾ ಇರಿ. ಭೇದಿಯಲ್ಲಿ ರಕ್ತ ಕಂಡರೆ, ಮೂತ್ರ ನಿಂತರೆ, ಮಗು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮುಂದಿನ ಸಭೆಯಲ್ಲಿ ಇದನ್ನು ಮಾತಾಡಿಕೊಳ್ಳಿ: ನಿಮ್ಮ ಸಂಘದ ಕಾರ್ಯಕ್ರಮದಲ್ಲಿ ಊಟ ಉಳಿದರೆ, ಮಧ್ಯಾಹ್ನ 2 ಗಂಟೆಗೇ ಅದನ್ನು ನೋಡಿಕೊಳ್ಳುವ ಇಬ್ಬರು ಯಾರು?