ವೈಫೈ ನಿಯಂತ್ರಕದ ಬೀಗದ ಕೈ ಕಳೆದುಹೋದಾಗ



ತೋಟಕ್ಕೆ ಬೇಲಿ ಹಾಕಿ, ಗೇಟಿಗೆ ಬೀಗ ಜಡಿದು, ಬೀಗದ ಕೈ ಎಲ್ಲಿಟ್ಟೆವೆಂದು ಮರೆತವನ ಪಾಡೇನು? ತೋಟ ಅವನದೇ, ಬೀಗವೂ ಅವನದೇ. ಆದರೂ ಹೊರಗೆ ನಿಲ್ಲಬೇಕು. ನಮ್ಮ ಸಂಘದ ಕಚೇರಿಯಲ್ಲಿ ವೈಫೈ ವಿಷಯದಲ್ಲಿ ನಮಗೆ ಇದೇ ಪಾಡಾಯಿತು. ಸದಸ್ಯರಲ್ಲಿ ಹಲವರು ಈಗ ಮನೆ, ಕಣ, ಪಲ್ಪರ್ ಮನೆಗಳಿಗೆ ವೈಫೈ ಹಾಕಿಸಿಕೊಳ್ಳುತ್ತಿರುವುದರಿಂದ, ನಾವು ಕಲಿತ ಪಾಠವನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇವೆ.

ನಡೆದ ಸಂಗತಿ

2022ರಲ್ಲಿ ಕಚೇರಿ, ಗೋದಾಮು ಮತ್ತು ತೂಕದ ಕೊಠಡಿಗೆ ಯೂನಿಫೈ ಹೆಸರಿನ ಮೂರು ವೈಫೈ ಪೆಟ್ಟಿಗೆಗಳನ್ನು ಹಾಕಿಸಿದೆವು. ಮೂರನ್ನೂ ಒಂದೇ ಕಡೆಯಿಂದ ಆಳುವ ನಿಯಂತ್ರಕವೆಂಬ ತಂತ್ರಾಂಶವನ್ನು ಲೆಕ್ಕಿಗರ ಕಂಪ್ಯೂಟರಿನಲ್ಲಿ ಇರಿಸಲಾಯಿತು. ಎಲ್ಲವೂ ಸುಗಮವಾಗಿದ್ದುದರಿಂದ ಎರಡು ವರ್ಷ ಅದನ್ನು ಯಾರೂ ತೆರೆದು ನೋಡಲಿಲ್ಲ. 2024ರಲ್ಲಿ ಮುಂಗಾರಿಗೆ ಮುಂಚಿನ ಸಿಡಿಲಿಗೆ ರೌಟರ್ ಸುಟ್ಟುಹೋಯಿತು. ಹೊಸದನ್ನು ತಂದು ಜೋಡಿಸಿದೆವು. ವೈಫೈ ಮೊದಲಿನಂತೆಯೇ ಬಂದಿತು.

ಡಿಸೆಂಬರಿನಲ್ಲಿ ಅಡಿಕೆ ಆವಕ ಜೋರಾದಾಗ ಸಮಸ್ಯೆ ತಲೆದೋರಿತು. ವೈಫೈ ಪಾಸ್‌ವರ್ಡ್ ಬಾಯಿಂದ ಬಾಯಿಗೆ ಹರಡಿ, ಅಂಗಳದಲ್ಲಿ ನಿಂತವರೆಲ್ಲ ಅದರಲ್ಲಿ ಸಿನಿಮಾ ನೋಡತೊಡಗಿದ್ದರು. ತೂಕದ ಕೊಠಡಿಯ ಲೆಕ್ಕ ಕಚೇರಿಗೆ ಬರುವುದು ತಡವಾಗಿ, ಮೂಟೆ ತಂದ ಸದಸ್ಯರು ಸಂಜೆಯವರೆಗೆ ಕಾಯಬೇಕಾಯಿತು. ಪಾಸ್‌ವರ್ಡ್ ಬದಲಿಸೋಣವೆಂದು ಹೊರಟರೆ ನಿಯಂತ್ರಕದ ಪುಟವೇ ತೆರೆಯಲಿಲ್ಲ.

ಪುಟ ಏಕೆ ತೆರೆಯಲಿಲ್ಲ?

ಮೊದಲು ತಿಳಿಯಬೇಕಾದುದು: ಈ ಜಾತಿಯ ಪೆಟ್ಟಿಗೆಗಳು ಒಮ್ಮೆ ಆದೇಶ ಪಡೆದ ಮೇಲೆ, ನಿಯಂತ್ರಕ ನಿಂತಿದ್ದರೂ ವೈಫೈ ಕೊಡುತ್ತಲೇ ಇರುತ್ತವೆ. ಆದುದರಿಂದ ವೈಫೈ ಬರುತ್ತಿದೆ ಎಂದ ಮಾತ್ರಕ್ಕೆ ನಿಯಂತ್ರಕ ನಮ್ಮ ಕೈಯಲ್ಲಿದೆ ಎಂದು ಭಾವಿಸಬಾರದು.

ಪುಟ ತೆರೆಯದಿರಲು ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ. ಒಂದು, ತಂತ್ರಾಂಶ ಓಡುತ್ತಿಲ್ಲದಿರುವುದು. ವಿಂಡೋಸ್ ಕಂಪ್ಯೂಟರಿನಲ್ಲಿ ಅದನ್ನು ನಾವೇ ತೆರೆದು ಚಾಲೂ ಮಾಡಬೇಕಾಗಬಹುದು. ಎರಡು, ಕಂಪ್ಯೂಟರಿನ ವಿಳಾಸ ಬದಲಾಗಿರುವುದು. ಮನೆಯೊಳಗಿನ ಜಾಲದಲ್ಲಿ ಪ್ರತಿ ಯಂತ್ರಕ್ಕೂ ರೌಟರ್ ಒಂದು ಸಂಖ್ಯೆಯ ವಿಳಾಸ ಕೊಡುತ್ತದೆ. ನಮ್ಮ ಹಳೆಯ ರೌಟರ್ 192.168.1 ಸಾಲಿನ ವಿಳಾಸ ಕೊಡುತ್ತಿತ್ತು, ಹೊಸದು 192.168.0 ಸಾಲಿನದು. ನಾವು ಬರೆದಿಟ್ಟುಕೊಂಡಿದ್ದುದು 192.168.1.10. ಆ ಮನೆ ಸಂಖ್ಯೆಯಲ್ಲಿ ಈಗ ಯಾರೂ ವಾಸವಿರಲಿಲ್ಲ.

ಪರಿಹಾರದ ಹೆಜ್ಜೆಗಳು

1. ನಿಯಂತ್ರಕವಿರುವ ಕಂಪ್ಯೂಟರಿನ ಮುಂದೆಯೇ ಕುಳಿತು, ತಂತ್ರಾಂಶವನ್ನು ಚಾಲೂ ಮಾಡಿ. ಅದೇ ಕಂಪ್ಯೂಟರಿನ ಬ್ರೌಸರಿನಲ್ಲಿ 127.0.0.1:8443 ಎಂಬ ವಿಳಾಸವನ್ನು, ಮುಂದೆ ಎಚ್‌ಟಿಟಿಪಿಎಸ್ ಸೇರಿಸಿ, ಬರೆಯಿರಿ. 127.0.0.1 ಎಂದರೆ ‘ಈ ಕಂಪ್ಯೂಟರೇ’ ಎಂದರ್ಥ. ರೌಟರ್ ಬದಲಾದರೂ ಇದು ಬದಲಾಗದು. 8443 ಎಂಬುದು ನಿಯಂತ್ರಕದ ಬಾಗಿಲ ಸಂಖ್ಯೆ. ತೀರ ಹೊಸ ಆವೃತ್ತಿಗಳಲ್ಲಿ ಈ ಸಂಖ್ಯೆ ಬೇರೆ ಇರಬಹುದು.

2. ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬಂದರೆ ಗಾಬರಿ ಬೇಡ. ನಿಯಂತ್ರಕ ತನ್ನ ಗುರುತಿನ ಚೀಟಿಗೆ ತಾನೇ ಸಹಿ ಹಾಕಿಕೊಂಡಿರುವುದರಿಂದ ಹೀಗಾಗುತ್ತದೆ. ನಮ್ಮದೇ ಕಂಪ್ಯೂಟರಿನ ನಮ್ಮದೇ ವಿಳಾಸವಾದರೆ ಮುಂದುವರಿಯಬಹುದು. ಬ್ಯಾಂಕಿನ ಪುಟದಲ್ಲಿ ಇದೇ ಎಚ್ಚರಿಕೆ ಬಂದರೆ ಮಾತ್ರ ಅಲ್ಲಿಯೇ ನಿಲ್ಲಿಸತಕ್ಕದ್ದು.

3. ಪಾಸ್‌ವರ್ಡ್ ಮರೆತಿದ್ದರೆ, ಕಂಪನಿಯ ಅಂತರಜಾಲ ಖಾತೆಯ ಮೂಲಕ ವ್ಯವಸ್ಥೆ ಮಾಡಿದ್ದಲ್ಲಿ ಇಮೇಲ್ ಮೂಲಕ ಹೊಸದನ್ನು ಪಡೆಯಬಹುದು. ಆ ಇಮೇಲ್ ಹಾಕಿಕೊಟ್ಟ ಹುಡುಗನದೇ ಆಗಿದ್ದರೆ ಅವನನ್ನೇ ಹುಡುಕಬೇಕಾಗುತ್ತದೆ. ಬರಿಯ ಸ್ಥಳೀಯ ಖಾತೆಯಾಗಿದ್ದು, ಇಮೇಲ್ ಕಳುಹಿಸುವ ಏರ್ಪಾಡನ್ನೂ ಮಾಡಿರದಿದ್ದರೆ ಆ ದಾರಿ ಇಲ್ಲ. ನಮ್ಮದು ಇಂಥ ಖಾತೆ. ಕೊನೆಗೆ ಪೆಟ್ಟಿಗೆಗಳ ಖರೀದಿ ಬಿಲ್ಲಿನ ಹಿಂಭಾಗದಲ್ಲಿ ಲೆಕ್ಕಿಗರು ಪೆನ್ಸಿಲಿನಲ್ಲಿ ಗೀಚಿಟ್ಟದ್ದು ಸಿಕ್ಕಿತು. ಇದು ಜಾಣತನವಲ್ಲ, ಅದೃಷ್ಟ.

4. ಒಳಗೆ ಹೋದ ಮೇಲೆ ಮೂರೂ ಪೆಟ್ಟಿಗೆಗಳು ಸಂಪರ್ಕ ತಪ್ಪಿವೆ ಎಂದು ಕಂಡಿತು. ಅವು ನಿಯಂತ್ರಕವನ್ನು ಇನ್ನೂ ಹಳೆಯ ವಿಳಾಸದಲ್ಲಿಯೇ ಹುಡುಕುತ್ತಿದ್ದವು. ಒಂದೊಂದಕ್ಕೂ ಹೊಸ ವಿಳಾಸ ಹೇಳಿಕೊಡಬಹುದು. ನಾವು ಅದಕ್ಕಿಂತ ಸುಲಭದ ದಾರಿ ಹಿಡಿದೆವು. ಹೊಸ ರೌಟರನ್ನು ಹಳೆಯ 192.168.1 ಸಾಲಿಗೇ ಬದಲಿಸಿ, ಲೆಕ್ಕಿಗರ ಕಂಪ್ಯೂಟರಿಗೆ 192.168.1.10 ಅನ್ನು ಕಾಯಂ ಆಗಿ ಕಾದಿರಿಸಿದೆವು. ಬಳಿಕ ಕಂಪ್ಯೂಟರನ್ನೂ ಪೆಟ್ಟಿಗೆಗಳನ್ನೂ ಒಮ್ಮೆ ಆರಿಸಿ ಹಾಕಿದೆವು. ಕೆಲವೇ ನಿಮಿಷಗಳಲ್ಲಿ ಮೂರೂ ಮತ್ತೆ ಸೇರಿಕೊಂಡವು. ಅಂದೇ ವೈಫೈ ಪಾಸ್‌ವರ್ಡ್ ಬದಲಿಸಿ, ಬಂದುಹೋಗುವವರಿಗೆ ವೇಗ ಮಿತಗೊಳಿಸಿದ ಬೇರೆಯೇ ಅತಿಥಿ ಜಾಲವನ್ನು ತೆರೆದೆವು.

ಪಾಸ್‌ವರ್ಡ್ ಸಿಗದೇ ಹೋಗಿದ್ದರೆ?

ಹಳೆಯ ಬ್ಯಾಕಪ್ ಕಡತವನ್ನು ಮರಳಿ ಹಾಕಿದರೆ ಆದೀತೆಂದು ಕೆಲವರು ಹೇಳಿದರು. ಆದರೆ ಪೂರ್ಣ ಬ್ಯಾಕಪ್‌ನಲ್ಲಿ ಹಳೆಯ ಖಾತೆ, ಹಳೆಯ ಪಾಸ್‌ವರ್ಡುಗಳೇ ಇರುತ್ತವೆ. ಕಂಪ್ಯೂಟರ್ ಕೆಟ್ಟಾಗ ಅದು ವರ; ಪಾಸ್‌ವರ್ಡ್ ಮರೆತಾಗ ಅದರಿಂದ ಪ್ರಯೋಜನವಿಲ್ಲ. ದತ್ತಾಂಶದೊಳಗೇ ಹೋಗಿ ಪಾಸ್‌ವರ್ಡ್ ತಿದ್ದುವ ಕ್ರಮವೂ ಉಂಟು. ಅದು ಬಲ್ಲವರ ಕೆಲಸ.

ಕೊನೆಯ ದಾರಿಯೆಂದರೆ ಎಲ್ಲವನ್ನೂ ಹೊಸದಾಗಿ ಮಾಡುವುದು. ನಿಯಂತ್ರಕವನ್ನು ಹೊಸದಾಗಿ ಸ್ಥಾಪಿಸಿ, ವಿದ್ಯುತ್ ಇರುವಾಗಲೇ ಪ್ರತಿ ಪೆಟ್ಟಿಗೆಯ ಸಣ್ಣ ರಂಧ್ರದೊಳಗಿನ ಗುಂಡಿಯನ್ನು ಸೂಜಿಯಿಂದ ಸುಮಾರು 10 ಸೆಕೆಂಡು ಒತ್ತಿ ಹಿಡಿಯಬೇಕು. ಪೆಟ್ಟಿಗೆ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತದೆ. ಅನಂತರ ಹೊಸ ನಿಯಂತ್ರಕಕ್ಕೆ ಅದನ್ನು ಸೇರಿಸಿಕೊಳ್ಳಬೇಕು. ಮೂರು ಪೆಟ್ಟಿಗೆಗಳಾದರೆ ಇದು ಬೆಟ್ಟದಂಥ ಕೆಲಸವಲ್ಲ. ಆದರೆ ಅಷ್ಟು ಹೊತ್ತು ವೈಫೈ ಇರುವುದಿಲ್ಲವಾದುದರಿಂದ, ತೂಕದ ದಿನ ಬಿಟ್ಟು ರಜಾದಿನದಲ್ಲಿ ಮಾಡುವುದು ಲೇಸು.

ಒಂದೇ ರೌಟರ್ ಇರುವ ಮನೆಗಳಿಗೆ ಒಂದು ಮಾತು. ಅದರ ಪುಟದ ವಿಳಾಸ ಮತ್ತು ಮೊದಲ ಪಾಸ್‌ವರ್ಡ್ ಬಹುಮಟ್ಟಿಗೆ ಪೆಟ್ಟಿಗೆಯ ತಳದ ಚೀಟಿಯಲ್ಲಿಯೇ ಇರುತ್ತವೆ. ಮೊದಲು ಅದನ್ನು ನೋಡಿ. ಫೈಬರ್ ಸಂಪರ್ಕದವರು ಕೊಟ್ಟ ಪೆಟ್ಟಿಗೆಯ ರಂಧ್ರಕ್ಕೆ ಮಾತ್ರ ಅವರನ್ನು ಕೇಳದೆ ಸೂಜಿ ಹಾಕಬೇಡಿ. ಸಂಪರ್ಕದ ವಿವರಗಳೇ ಅಳಿಸಿಹೋಗಿ, ಅವರ ಲೈನ್‌ಮನ್ ಬರುವವರೆಗೆ ಇಂಟರ್‌ನೆಟ್ಟೇ ಇಲ್ಲದಂತಾದೀತು.

ಮುಂಜಾಗ್ರತೆ

ಕೊಳೆರೋಗ ಬಂದ ಮೇಲೆ ಬೋರ್ಡೋ ದ್ರಾವಣಕ್ಕೆ ಓಡುವುದಕ್ಕಿಂತ ಮಳೆಗೆ ಮೊದಲೇ ಸಿಂಪಡಿಸುವುದು ಮೇಲೆಂದು ನಮಗೆಲ್ಲ ಗೊತ್ತು. ಇಲ್ಲಿಯೂ ಹಾಗೆಯೇ. ನಮ್ಮ ಸಂಘದಲ್ಲಿ ಈಗ ಈ ನಿಯಮಗಳನ್ನು ಪಾಲಿಸುತ್ತಿದ್ದೇವೆ:

ಅ) ನಿಯಂತ್ರಕದ ವಿಳಾಸ, ಖಾತೆಯ ಹೆಸರು, ಪಾಸ್‌ವರ್ಡುಗಳನ್ನು ಕಾಗದದಲ್ಲಿ ಬರೆದು, ಮೊಹರು ಮಾಡಿದ ಲಕೋಟೆಯಲ್ಲಿ ತಿಜೋರಿಯಲ್ಲಿಡುವುದು.

ಆ) ಇಬ್ಬರಿಗೆ ಬೇರೆ ಬೇರೆ ಖಾತೆ ಕೊಡುವುದು. ಒಬ್ಬರು ಕೆಲಸ ಬಿಟ್ಟರೆ ಅಂದೇ ಅವರ ಖಾತೆ ತೆಗೆಯುವುದು.

ಇ) ಸಂಘದ ಹೆಸರಿನ ಇಮೇಲನ್ನೇ ಬಳಸುವುದು, ಹಾಕಿಕೊಟ್ಟವರದನ್ನಲ್ಲ.

ಈ) ಬ್ಯಾಕಪ್ ಕಡತದ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಬೇರೆಡೆ ಇರಿಸುವುದು.

ಉ) ಮೂರು ತಿಂಗಳಿಗೊಮ್ಮೆ ನಿಯಂತ್ರಕವನ್ನು ತೆರೆದು, ಒಳಗೆ ಹೋಗಲು ಸಾಧ್ಯವೇ ಎಂದು ಪರೀಕ್ಷಿಸುವುದು.

ಹಾಕಿಕೊಟ್ಟ ಹುಡುಗನನ್ನು ದೂರುವುದು ಸುಲಭ. ಆದರೆ ಅವನು ಕೆಲಸ ಮುಗಿಸಿ ಹೊರಟ ದಿನ, ‘ಬೀಗದ ಕೈ ಎಲ್ಲಪ್ಪಾ?’ ಎಂದು ಕೇಳದಿದ್ದುದು ನಮ್ಮದೇ ತಪ್ಪು. ತಮ್ಮಲ್ಲಿ ವೈಫೈ ಹಾಕಿಸುವ ಸದಸ್ಯರು ಹಣ ಎಣಿಸಿ ಕೊಡುವ ಮೊದಲು ಈ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಬರೆಸಿಕೊಳ್ಳಬೇಕೆಂದು ಕೋರುತ್ತೇವೆ. ಸಂದೇಹವಿದ್ದವರು ಕಚೇರಿ ವೇಳೆಯಲ್ಲಿ ಸಂಘಕ್ಕೆ ಬಂದರೆ, ನಮ್ಮ ನಿಯಂತ್ರಕವನ್ನೇ ತೆರೆದು ತೋರಿಸಲು ಸಿದ್ಧರಿದ್ದೇವೆ.

— ಕಾರ್ಯದರ್ಶಿ