ಆಡು ಕಳೆದಿಲ್ಲ, ಸುಮ್ಮನೆ ಹತ್ತುತ್ತಿದ್ದೇನೆ

ಶಹಾಪುರದ ಗುಡ್ಡದ ಬುಡದಲ್ಲಿ ಬೈಕು ನಿಲ್ಲಿಸಿ ಹೆಲ್ಮೆಟ್ ತೆಗೆಯುತ್ತಿದ್ದೆವು. ಬೇವಿನ ಕಟ್ಟೆಯ ಮೇಲೆ ಕೂತಿದ್ದ ಅಜ್ಜನೊಬ್ಬ ಕೇಳಿದ:

"ಆಡು ಕಳದಾವೇನ್ರೀ?"

"ಇಲ್ಲಜ್ಜ."

"ಹರಕಿ ಅದೇನು?"

"ಅದೂ ಇಲ್ಲ."

"ಮತ್ಯಾಕ ಹತ್ತಕತ್ತೀರಿ?"

"ಸುಮ್ನ" ಎಂದೆ. ಅಜ್ಜ ನನ್ನನ್ನು ಬಿಟ್ಟು ನನ್ನ ಗೆಳೆಯನ ಮುಖ ನೋಡಿದ, ಇವನಿಗೆ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇ ಎನ್ನುವ ಹಾಗೆ. ಇದು ಹನ್ನೊಂದು ವರ್ಷದ ಹಿಂದಿನ ಮಾತು.

ನಮ್ಮ ಕಡೆ ಗುಡ್ಡಕ್ಕೆ ಹೋಗಲು ಕಾರಣ ಬೇಕು. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಗುಡ್ಡಕ್ಕೆ ಜನ ಸಾವಿರಗಟ್ಟಲೆ ಹೋಗುತ್ತಾರೆ, ಬಂಡೆಯೆಲ್ಲ ಭಂಡಾರದಿಂದ ಹಳದಿಯಾಗುತ್ತದೆ. ಅದು ದೇವರ ಕೆಲಸ. ಎಳ್ಳಮಾಸಿಗೆ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತದೆ. ಅದು ಭೂಮಿತಾಯಿಯ ಕೆಲಸ. ಎರಡೂ ಅಲ್ಲದೆ, ಭಾನುವಾರ ಸುಮ್ಮನೆ ಕಲ್ಲುಗುಡ್ಡ ಹತ್ತಿ ಇಳಿಯುವುದು ಕೆಲಸಗೇಡಿತನ. ನನ್ನ ಅವ್ವ ಇವತ್ತಿಗೂ ಅದನ್ನೇ ಹೇಳುತ್ತಾಳೆ.

ಹತ್ತಲು ಇರುವುದಾದರೂ ಎಷ್ಟು? ಮುಳ್ಳಯ್ಯನಗಿರಿ 1,930 ಮೀಟರ್. ಯಾದಗಿರಿಯ ಕೋಟೆ ಗುಡ್ಡ ಊರಿನ ಮಟ್ಟದಿಂದ ನೂರು ಮೀಟರಿನ ಆಸುಪಾಸು. ಚಿಕ್ಕಮಗಳೂರಿನ ಗೆಳೆಯನೊಬ್ಬ ಬಂದವನು ಅದನ್ನು ನೋಡಿ, "ಇದನ್ನ ನಮ್ಮೂರಲ್ಲಿ ದಿಬ್ಬ ಅಂತಾರೆ" ಎಂದ. ಅವನು ಬಂದದ್ದು ಏಪ್ರಿಲಿನಲ್ಲಿ. ಅರ್ಧಕ್ಕೆ ಕುಸಿದು ಕೂತು, ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡ ಮೇಲೆ ದಿಬ್ಬದ ಮಾತು ತೆಗೆಯಲಿಲ್ಲ. ನನಗೆ ಸ್ವಲ್ಪ ಖುಷಿಯಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಆದರೆ ಅದೇ ಪಾಠ ಅವನಿಗಿಂತ ಮೊದಲು ನನಗೆ ಆಗಿತ್ತು, ಅಜ್ಜ ಕೇಳಿದ ಆ ದಿನವೇ.

ಶಹಾಪುರ ಹತ್ತಿರವಾಗುವಾಗ ರಸ್ತೆಯಿಂದ ಕಾಣುವ ಮಲಗಿದ ಬುದ್ಧನನ್ನು ನೋಡದವರು ನಮ್ಮ ಜಿಲ್ಲೆಯಲ್ಲಿ ಇಲ್ಲ. ನಾಲ್ಕು ಗುಡ್ಡ ಒಂದರ ಪಕ್ಕ ಒಂದು ಸೇರಿ ಹಣೆ, ಮೂಗು, ಎದೆ ಎಲ್ಲ ಆಗಿವೆ. ಯಾರೂ ಕೆತ್ತಿದ್ದಲ್ಲ. ಬುದ್ಧನ ಮೂಗಿನ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳಬೇಕೆಂಬುದು ನನ್ನ ಆಸೆ. ಮಾರ್ಚ್ ತಿಂಗಳು, ಹೊರಟದ್ದು ಒಂಬತ್ತಕ್ಕೆ, ಇಬ್ಬರ ನಡುವೆ ಒಂದು ಲೀಟರ್ ನೀರು. ಹತ್ತುತ್ತಾ ಹೋದಂತೆ ಬುದ್ಧನೇ ಮಾಯವಾದ. ಮೂಗು ಯಾವುದು, ಗದ್ದ ಯಾವುದು, ಮನೆಯಷ್ಟು ದೊಡ್ಡ ಗುಂಡುಗಳ ನಡುವೆ ತಿಳಿಯಲಿಲ್ಲ. ಎತ್ತರದ ಒಂದು ಬಂಡೆಯನ್ನು ಮೂಗೆಂದು ನಾವೇ ತೀರ್ಮಾನಿಸಿ ಫೋಟೋ ತೆಗೆದುಕೊಂಡೆವು. ಆಮೇಲೆ ರಸ್ತೆಯಿಂದ ನೋಡಿದರೆ ಅದು ಕಿವಿಯ ಹಿಂದೆ ಎಲ್ಲೋ ಇತ್ತು.

ಇಳಿಯುವಾಗ ಬೇಗ ಆಗಲೆಂದು ಅಡ್ಡದಾರಿ ಹಿಡಿದೆವು. ಹನ್ನೊಂದೂವರೆ. ಬಂಡೆ ಕಾದ ಹಂಚಾಗಿತ್ತು. ನೆರಳಿಗೆಂದು ಗುಂಡಿನ ಮಗ್ಗುಲಿಗೆ ಹೋದರೆ ಆ ಕಲ್ಲೂ ಬಿಸಿ ಉಗುಳುತ್ತಿತ್ತು. ದಾರಿ ಒಂದು ಕಡೆ ಎರಡಾಳು ಎತ್ತರದ ಕೊರಕಲಿನಲ್ಲಿ ಮುಗಿದೇ ಹೋಯಿತು. ಕೆಳಗೆ ಕಳ್ಳಿ, ಹಿಂದೆ ಉರುಳುವ ಜಲ್ಲಿ. ಹಿಂತಿರುಗುವಾಗ ಜಾರಿ ಅಂಗೈ ಕಿತ್ತುಹೋಯಿತು. ನೀರು ಆಗಲೇ ಖಾಲಿ. ಗೆಳೆಯನ ಮಾತು ತೊದಲತೊಡಗಿತು. ಅದನ್ನು ಕೇಳಿ ನನಗೆ ಮೊದಲ ಸಲ ಭಯವಾಯಿತು.

ಶಿಳ್ಳೆ ಕೇಳಿಸಿತು. ಹದಿನಾಲ್ಕು ಹದಿನೈದರ ಹುಡುಗ, ಹೆಗಲಿಗೆ ಕಂಬಳಿ, ಕೈಯಲ್ಲಿ ಗೋಣಿತಟ್ಟು ಸುತ್ತಿ ಹೊಲಿದ ಪ್ಲಾಸ್ಟಿಕ್ ಬಾಟ್ಲಿ. ತಟ್ಟು ಒದ್ದೆಯಾಗಿತ್ತು, ಒಳಗಿನ ನೀರು ಕೊಡದ ನೀರಿನಷ್ಟೇ ತಣ್ಣಗಿತ್ತು. ನಾವು ಕುಡಿದದ್ದನ್ನು ನೋಡಿ ನಗಲೂ ಇಲ್ಲ, ಕನಿಕರಿಸಲೂ ಇಲ್ಲ. ನೆಲ ತೋರಿಸಿದ.

"ಹಿಕ್ಕಿ ನೋಡಿ ನಡೀರಿ ಕಾಕಾ. ಆಡೇ ಹೋಗದಿರೋ ಕಡೆ ನೀವ್ಯಾಕ ಹೋಗ್ತೀರಿ?"

ಬಗ್ಗಿ ನೋಡಿದೆ. ಜಲ್ಲಿಯ ನಡುವೆ ಆಡಿನ ಹಿಕ್ಕೆ ಸಾಲಾಗಿ ಬಿದ್ದಿತ್ತು. ಕಪ್ಪಗೆ ಮಿರುಗುವುದು ಇವತ್ತಿನದು, ಬೂದಿಬಣ್ಣಕ್ಕೆ ತಿರುಗಿ ಕಾಲಿಗೆ ಪುಡಿಯಾಗುವುದು ಹಳೆಯದು. ಹೊಸದೂ ಹಳೆಯದೂ ಸೇರಿ ಬಿದ್ದಿರುವ ಕಡೆ ನಿತ್ಯದ ದಾರಿ. ಒಂದೇ ಒಂದು ಕಡೆ ಚದುರಿ ಬಿದ್ದಿದ್ದರೆ ಅಲ್ಲಿ ಆಡು ಎಲೆ ಮೇಯಲು ನಿಂತಿತ್ತೇ ಹೊರತು ದಾಟಿ ಹೋಗಿಲ್ಲ. ಆ ಗೆರೆ ಹಿಡಿದು ಇಪ್ಪತ್ತು ನಿಮಿಷದಲ್ಲಿ ಬೇವಿನ ಕಟ್ಟೆ ಮುಟ್ಟಿದೆವು. ಅಜ್ಜ ಎದ್ದು ಹೋಗಿದ್ದ, ಪುಣ್ಯಕ್ಕೆ.

ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟಿದರೂ ಸುದ್ದಿಯಾಗದ ಸೀಮೆ ಇದು. ಈಗ ನಾನು ಗುಡ್ಡಕ್ಕೆ ಹೋಗುವುದು ಮಳೆ ಮುಗಿದ ಮೇಲೆ, ಹೆಚ್ಚೆಂದರೆ ಫೆಬ್ರವರಿಯವರೆಗೆ. ನಸುಕಿನಲ್ಲಿ ಹತ್ತಿ ಒಂಬತ್ತಕ್ಕೆ ಕೆಳಗಿರಬೇಕು. ತಲೆಗೆ ಎರಡು ಲೀಟರ್ ನೀರು, ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಮಳೆಯ ಮರುದಿನವಾದರೆ ಬಂಡೆಯ ಮೇಲಿನ ಕರಿಪಟ್ಟೆ ಮೆಟ್ಟುವುದಿಲ್ಲ. ನೀರು ಹರಿದು ಪಾಚಿಗಟ್ಟಿದ ಜಾಗ ಅದು, ಒದ್ದೆಯಾದರೆ ಸಾಬೂನು. ಅದರ ಮಗ್ಗುಲಿನ ಒರಟು ಕಲ್ಲು ಕಾಲನ್ನು ಹಿಡಿಯುತ್ತದೆ.

ಯಾದಗಿರಿ ಕೋಟೆಗೆ ಮೆಟ್ಟಿಲಿದೆ, ಮಕ್ಕಳನ್ನೂ ಕರೆದೊಯ್ಯಬಹುದು. ಮೇಲೆ ತೋಪಿನ ಮೇಲೆ ಕೂತರೆ ಒಂದು ಕಡೆ ಭೀಮಾ ನದಿ, ಇನ್ನೊಂದು ಕಡೆ ರೈಲು, 2009ರಲ್ಲಿ ಜಿಲ್ಲೆಯಾದ ಮೇಲೆ ಎದ್ದ ಕಚೇರಿಗಳು ಎಲ್ಲ ಕಾಣುತ್ತವೆ. ಸ್ಪೇನಿನ ಉತ್ತರದ ಬಾಸ್ಕ್ ಸೀಮೆಯಲ್ಲಿ ಹೀಗೆಯೇ ಮನೆಮಂದಿಯೆಲ್ಲ ರಜಾದಿನ ಗುಡ್ಡ ಹತ್ತುತ್ತಾರಂತೆ. ಗೋರ್ಬೆಯಾ ಎಂಬ ಅವರ ಹೆಸರಾಂತ ಬೆಟ್ಟ 1,482 ಮೀಟರ್. ನೆತ್ತಿಗಳ ಮೇಲೆ ಪುಟ್ಟ ಅಂಚೆಡಬ್ಬಿ ಇಟ್ಟಿರುತ್ತಾರೆ. ಹತ್ತಿದವರು ಹೆಸರು, ವಿಳಾಸದ ಚೀಟಿ ಹಾಕುವುದು, ಮುಂದೆ ಬಂದವರು ಅದನ್ನು ಅಂಚೆಯಲ್ಲಿ ವಾಪಸು ಕಳಿಸುವುದು ಹಳೆಯ ರೂಢಿ. ನಮ್ಮವರೂ ಹೆಸರು ಬಿಟ್ಟು ಬರುತ್ತಾರೆ, ಆದರೆ ಎಣ್ಣೆ ಬಣ್ಣದಲ್ಲಿ, ಕೋಟೆ ಗೋಡೆಯ ಮೇಲೆ, ಹೃದಯದ ಚಿತ್ರದೊಳಗೆ.

ಸುರಪುರಕ್ಕೆ ಹೋದಾಗ ಎಲ್ಲರೂ ಟೇಲರ್ ಮಂಜಿಲ್ ತೋರಿಸುತ್ತಾರೆ. 1841ರ ಸುಮಾರಿಗೆ ಬಂದು ಹತ್ತು ವರ್ಷಕ್ಕೂ ಹೆಚ್ಚು ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಗಾಳಿಗೆಂದು ಗುಡ್ಡದ ಮೇಲೆ ಮನೆ ಕಟ್ಟಿಸಿದ. ಜಾಗ ಆರಿಸುವುದು ಗೊತ್ತಿದ್ದ ಮನುಷ್ಯ. ಆದರೆ ನನ್ನನ್ನು ಎಳೆಯುವುದು ವಾಗಣಗೇರಾ. 1705ರಲ್ಲಿ ಎಂಬತ್ತಾರರ ಔರಂಗಜೇಬ ತಾನೇ ಬಂದು ಈ ಕೋಟೆಯನ್ನು ಮುತ್ತಿ ತಿಂಗಳುಗಟ್ಟಲೆ ಕೂತಿದ್ದ. ಕೊನೆಗೆ ಕೋಟೆ ಅವನ ಕೈಗೆ ಬಂತು, ಬೇಡರ ನಾಯಕ ಪಿಡ್ಡನಾಯಕ ಬರಲಿಲ್ಲ, ತನ್ನವರೊಂದಿಗೆ ಜಾರಿಕೊಂಡಿದ್ದ. ಆ ಬಂಡೆಗಳ ಸಂದಿಯಲ್ಲಿ ನಿಂತಾಗಲೆಲ್ಲ ನನಗೆ ಹಿಕ್ಕೆ ತೋರಿಸಿದ ಹುಡುಗ ನೆನಪಾಗುತ್ತಾನೆ. ದಾರಿ ಬಲ್ಲವರು ಎಲ್ಲಿ ಇಳಿದರೆಂದು ಬಾದಶಹನ ಫೌಜಿಗೆ ಹೇಗೆ ತಿಳಿಯಬೇಕು?

ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಹುಣಸಗಿ ಕಡೆ ತಿರುಗುವಾಗ ಅಂಗೈಗೆ ಸರಿಯಾಗಿ ಕೂರುವ, ಎರಡು ಕಡೆ ಚಕ್ಕೆ ಎದ್ದ ಕಲ್ಲೊಂದು ಸಿಕ್ಕಿತು. ಚೆಂದವಾಗಿದೆಯೆಂದು ತಂದು ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಂಡೆ. ಆ ಕಣಿವೆ ಹಳೆಯ ಶಿಲಾಯುಗದ ಜನರ ನೆಲೆಯೆಂದು, ಪುರಾತತ್ವಜ್ಞ ಕೆ. ಪದ್ದಯ್ಯ ಅಲ್ಲಿ ದಶಕಗಟ್ಟಲೆ ಕೆಲಸ ಮಾಡಿದ್ದಾರೆಂದು, ಇಸಾಂಪುರದಲ್ಲಿ ಸುಣ್ಣಕಲ್ಲು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗಕ್ಕೆ ಸುಮಾರು 12 ಲಕ್ಷ ವರ್ಷದ ಲೆಕ್ಕ ಸಿಕ್ಕಿದೆಯೆಂದು ತಿಳಿದದ್ದು ಆಮೇಲೆ. ಇತಿಹಾಸ ಕಲಿಸುವ ಪರಿಚಯದವರೊಬ್ಬರಿಗೆ ತೋರಿಸಿ, ವಾಪಸು ಇಟ್ಟು ಬರುತ್ತೇನೆ ಎಂದೆ. "ಎಲ್ಲಿ ಇಡ್ತೀರಿ? ಎತ್ತಿಕೊಂಡಾಗಲೇ ಅದರ ವಿಳಾಸ ಹೋಯ್ತಲ್ಲ" ಎಂದರು. ಕಲ್ಲು ಇನ್ನೂ ನನ್ನ ಕಪಾಟಿನಲ್ಲಿದೆ. ಅದರ ಮೇಲೆ ಕಾಗದ ಇಡುವುದಿಲ್ಲ, ಅದನ್ನು ಕಾಗದದ ಮೇಲೂ ಇಡುವುದಿಲ್ಲ.

ಹೋದ ಡಿಸೆಂಬರಿನಲ್ಲಿ ಮಗಳನ್ನು ಕರೆದುಕೊಂಡು ಮತ್ತೆ ಶಹಾಪುರಕ್ಕೆ ಹೋಗಿದ್ದೆ. ಸೀತಾಫಲ ಮುಗಿದಿದ್ದವು, ಗಿಡದಲ್ಲಿ ಒಣಗಿ ಕರಿದಾದ ನಾಲ್ಕಾರು ಉಳಿದಿದ್ದವು ಅಷ್ಟೆ. ಈ ಸಲ ಬೇರೆ ದಿಕ್ಕು, ಬೇರೆ ಕಟ್ಟೆ, ಬೇರೆ ಅಜ್ಜ. ಪ್ರಶ್ನೆ ಮಾತ್ರ ಅದೇ.

"ಆಡು ಕಳದಾವೇನ್ರೀ?"

ನಾನು ಬಾಯಿ ತೆರೆಯುವ ಮೊದಲೇ ಮಗಳು, "ಹೂಂ ಅಜ್ಜ, ಎರಡು" ಎಂದಳು.

ಅಜ್ಜ ಕೋಲೂರಿ ಎದ್ದ. ಹೊತ್ತು ಏರುವ ದಿಕ್ಕಿಗೆ ಕೈ ಮಾಡಿ, "ಆ ಎರಡು ಗುಂಡಿನ ನಡುವ ಹೋಗ್ರಿ, ಮುಂದ ನೀರಿಂದು ದೊಣಿ ಅದ, ಕಳದ ಆಡೆಲ್ಲ ಅಲ್ಲೇ ಇರ್ತಾವ" ಎಂದ.

ಹನ್ನೊಂದು ವರ್ಷದಲ್ಲಿ ನಾನು ಆ ದೊಣಿಯನ್ನು ನೋಡಿಯೇ ಇರಲಿಲ್ಲ. ಬಂಡೆಯ ಮಡಿಲಲ್ಲಿ, ಡಿಸೆಂಬರಿನಲ್ಲೂ ಮೊಣಕಾಲುದ್ದ ತಿಳಿನೀರು. ದಂಡೆಯ ತುಂಬ ಹಿಕ್ಕೆ.