ಕಡ್ಲೆಪುರಿಯ ಪ್ರಶ್ನೆ ಕೇಳಿದ ಮಗಳಿಗೆ



ನಿನ್ನ ಪ್ರಶ್ನೆಗಳಿಗೆ ಮೊಬೈಲಿನಲ್ಲೇ ಉತ್ತರ ಕುಟ್ಟುತ್ತ ಕೂತರೆ ನನ್ನ ಹೆಬ್ಬೆರಳಿನ ಕತೆ ಮುಗಿಯುತ್ತದೆ. ಮೇಲಾಗಿ ನಮ್ಮ ಕ್ರೈಸ್ತ ಸಭೆಯ ಯುವಜನ ಸಂಘದ ಮಕ್ಕಳೂ ಆಗಾಗ ಇದನ್ನೇ ಕೇಳುತ್ತಿರುತ್ತಾರೆ. ಹಾಗಾಗಿ ನಿನ್ನ ಹೆಸರು ಬಿಟ್ಟು, ನಿನ್ನ ಒಪ್ಪಿಗೆ ಪಡೆದೇ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ನೀನು ಹೇಳಿದ್ದು ಇಷ್ಟು. ಬೆಂಗಳೂರಿನ ನಿನ್ನ ಆಫೀಸಿನಲ್ಲಿ ಆಯುಧಪೂಜೆ ಆಯಿತು. ಕಂಪ್ಯೂಟರುಗಳಿಗೆ ಅರಿಶಿನ ಕುಂಕುಮದ ಬೊಟ್ಟು, ಲಿಫ್ಟಿನ ಬಾಗಿಲಿಗೆ ಚೆಂಡುಹೂವಿನ ಮಾಲೆ, ಗೇಟಿನ ಹತ್ತಿರ ಕುಂಕುಮ ತುಂಬಿ ಒಡೆದ ಬೂದುಗುಂಬಳಕಾಯಿ. ಎಲ್ಲ ಮುಗಿದ ಮೇಲೆ ಹೌಸ್‌ಕೀಪಿಂಗ್ ಅಕ್ಕ ಒಬ್ಬೊಬ್ಬರ ಮೇಜಿಗೂ ಕಾಗದದ ತಟ್ಟೆಯಲ್ಲಿ ಕಡ್ಲೆಪುರಿ, ಒಂದು ಬೂಂದಿ ಲಾಡು, ಬಾಳೆಹಣ್ಣಿನ ಹೋಳು ಇಟ್ಟು ಹೋದಳು. ನೀನು ತಿಂದೆ. ಅಲ್ಲಿ ನೀನು ಹೋಗುವ ಪ್ರಾರ್ಥನಾ ಗುಂಪಿನ ಆ ವಾರದ ಕೂಟದಲ್ಲಿ ಅದನ್ನು ಬಾಯಿಬಿಟ್ಟಾಗ, ಗುಂಪು ನಡೆಸುವ ನಿಮ್ಮ ‘ಬ್ರದರ್’ ಸೈತಾನನಿಗೆ ಬಾಗಿಲು ತೆರೆದೆ ಎಂದರು. ತಲೆಯ ಮೇಲೆ ಕೈಯಿಟ್ಟು ಬಿಡುಗಡೆಯ ಪ್ರಾರ್ಥನೆ ಮಾಡಿದರು. ಅದರ ಬೆನ್ನಿಗೇ ಒಂದು ಪಟ್ಟಿಯೂ ಬಂತು: ಬಳೆ, ಓಲೆ ತೆಗೆಯಬೇಕು, ಹೂ ಮುಡಿಯಬಾರದು, ಸಂಬಳದ ದಶಮಾಂಶ ಆ ಗುಂಪಿಗೇ ಕೊಡಬೇಕು, ಮದುವೆಯ ಮಾತು ಬಂದರೆ ಮೊದಲು ಅವರ ಮುಂದಿಡಬೇಕು. “ಅವರ ಪ್ರಾರ್ಥನೆಯಲ್ಲಿ ಉರಿ ಇದೆ ದೊಡ್ಡಮ್ಮ, ನಮ್ಮ ಸಭೆಯಲ್ಲಿ ಅದಿಲ್ಲ” ಎಂದೂ ಬರೆದಿದ್ದೀಯ.

ಉರಿಯ ಮಾತು ನಿಜ. ನಮ್ಮಲ್ಲಿ ಭಾನುವಾರದ ಆರಾಧನೆಯೆಂದರೆ ನಾಲ್ಕು ಕೀರ್ತನೆ, ಒಂದು ಉದ್ದದ ಪ್ರಸಂಗ, ಅದಕ್ಕಿಂತ ಉದ್ದದ ಪ್ರಕಟಣೆಗಳು. ಹಿಂದಿನ ಬೆಂಚಿನವರು ತೂಕಡಿಸಿದರೆ ತಪ್ಪು ಹೇಳಲಾರೆ. ನಿನಗೆ ಡೆಂಗಿ ಬಂದಾಗ ಪಿಜಿಯ ಮೂರನೇ ಮಹಡಿಗೆ ಗಂಜಿ ಹೊತ್ತು ತಂದವರು ಆ ಗುಂಪಿನ ಹುಡುಗಿಯರೇ ಎಂಬುದೂ ನನಗೆ ಗೊತ್ತು. ಆ ಪ್ರೀತಿಯನ್ನು ಹಗುರ ಮಾಡುವುದಿಲ್ಲ. ಆದರೆ ಗಂಜಿಯ ಋಣಕ್ಕೆ ಮನಸ್ಸಾಕ್ಷಿಯನ್ನು ಅಡವಿಡಬೇಕಾಗಿಲ್ಲ.

ಮೊದಲು ಕಡ್ಲೆಪುರಿಯನ್ನೇ ತೆಗೆದುಕೊಳ್ಳೋಣ. ಇದು ಬೆಂಗಳೂರಿನಲ್ಲಿ ಹುಟ್ಟಿದ ಸಮಸ್ಯೆ ಎಂದುಕೊಳ್ಳಬೇಡ. ಕೊರಿಂಥದ ಸಭೆಯವರು ಅಪೊಸ್ತಲ ಪೌಲನಿಗೆ ಬರೆದು ಕೇಳಿದ್ದು ಇದನ್ನೇ. ಆ ಪಟ್ಟಣದ ಮಾಂಸದಂಗಡಿಗೆ ದೇವಸ್ಥಾನಗಳಲ್ಲಿ ಬಲಿಕೊಟ್ಟ ಮಾಂಸವೂ ಬರುತ್ತಿತ್ತು. ಕೊಳ್ಳುವುದೋ ಬಿಡುವುದೋ? ಕ್ರೈಸ್ತನಲ್ಲದ ಗೆಳೆಯ ಊಟಕ್ಕೆ ಕರೆದರೆ ಹೋಗುವುದೋ ಬಿಡುವುದೋ? ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 8ರಿಂದ 10ನೇ ಅಧ್ಯಾಯದವರೆಗೆ ಪೌಲ ಇದನ್ನು ಬಿಡಿಸುತ್ತಾನೆ. ಅಂಗಡಿಯಲ್ಲಿ ಮಾರುವುದನ್ನು ಕೆದಕದೆ ಕೊಂಡು ತಿನ್ನಿ ಎನ್ನುತ್ತಾನೆ. ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಉಣ್ಣಿ ಎನ್ನುತ್ತಾನೆ. ದೇವಸ್ಥಾನದ ಪೂಜೆಯ ಪಂಕ್ತಿಯಲ್ಲಿ ಕೂತು ಭಾಗಿಯಾಗುವುದು ಮಾತ್ರ ಬೇರೆ, ಅದು ಬೇಡ ಎನ್ನುತ್ತಾನೆ. ಇನ್ನೊಂದು ಮಾತಿದೆ, ಅವಸರದವರು ಅದನ್ನು ಹಾರಿಸಿ ಓದುತ್ತಾರೆ. ನಿನಗೆ ತಿನ್ನುವ ಹಕ್ಕಿದ್ದರೂ, ಪಕ್ಕದಲ್ಲಿ ಕೂತವನ ಮನಸ್ಸಾಕ್ಷಿ ಇನ್ನೂ ಎಳೆಯದಾಗಿದ್ದು ನಿನ್ನನ್ನು ನೋಡಿ ಅವನು ಮುಗ್ಗರಿಸುವಂತಿದ್ದರೆ, ಅವನಿಗಾಗಿ ಬಿಟ್ಟುಬಿಡು.

ಇದನ್ನು ನಿನ್ನ ಆಫೀಸಿಗೆ ತಂದರೆ ಲೆಕ್ಕ ಸುಲಭ. ಬೂದುಗುಂಬಳ ಒಡೆಯಲು, ಆರತಿ ಎತ್ತಲು ಕರೆದರೆ, “ನೀವು ಮಾಡಿ ಸಾರ್, ನಾನು ಇಲ್ಲಿ ನಿಂತಿರುತ್ತೇನೆ” ಎಂದರೆ ಸಾಕು. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ಎರಡು ದಿನ. ಆ ಅಕ್ಕ ಮೇಜಿಗೆ ತಂದಿಟ್ಟ ತಟ್ಟೆಯ ಮಾತೇ ಬೇರೆ. ಅವಳು ನಿನಗೆ ಬಲೆ ಬೀಸಲಿಲ್ಲ, ಹಬ್ಬದ ದಿನ ಎಲ್ಲರಿಗೂ ಕೊಟ್ಟ ಹಾಗೆ ನಿನಗೂ ಕೊಟ್ಟಳು. ಅದನ್ನು ಕಸದ ಬುಟ್ಟಿಗೆ ಹಾಕಿದ್ದರೆ ಅವಳ ಮುಖ ಏನಾಗುತ್ತಿತ್ತು ಎಂದು ಯೋಚಿಸು. ಮನಸ್ಸಿನಲ್ಲಿ ದೇವರಿಗೆ ಸ್ತೋತ್ರ ಹೇಳಿ ತಿಂದದ್ದು ಸರಿಯಾಗಿಯೇ ಇದೆ. ಒಂದು ವೇಳೆ ನಿನ್ನ ಪಕ್ಕದ ಸೀಟಿನವಳು ಹೊಸದಾಗಿ ನಂಬಿಕೆಗೆ ಬಂದು, ಮನೆಯವರ ವಿರೋಧದ ನಡುವೆ ತತ್ತರಿಸುತ್ತಿರುವವಳಾಗಿದ್ದರೆ, ಅವಳ ಮುಂದೆ ತಿನ್ನದೆ ಇರುವುದು ಒಳ್ಳೆಯದು. ತಿಂದರೂ ಬಿಟ್ಟರೂ ಹೆದರಿಕೆಗೆ ಇಲ್ಲಿ ಕೆಲಸವಿಲ್ಲ. ಒಂದು ಹಿಡಿ ಪುರಿಯಿಂದ ಒಳಗೆ ನುಗ್ಗಿಬಿಡುವ ಸೈತಾನನನ್ನು ನಂಬುವವರು, ಶಿಲುಬೆಯಲ್ಲಿ ಗೆದ್ದವನನ್ನು ಎಷ್ಟು ನಂಬುತ್ತಾರೋ ನನಗೆ ತಿಳಿಯದು.

ಬಳೆ ಮತ್ತು ಹೂವಿನ ಬಗ್ಗೆ ಮಾತಾಡುವ ಮೊದಲು ನಮ್ಮ ನೆರೆಯವರೊಬ್ಬರನ್ನು ನೆನಪಿಸುತ್ತೇನೆ. ನಮ್ಮ ಕಾರ್ಕಳದ ಮಾಳ ನಿನಗೆ ಗೊತ್ತಲ್ಲ, ಆ ಊರಿನ ಅನಂತ ಶಾಸ್ತ್ರಿ ಡೋಂಗ್ರೆಯವರು ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿ ಸುತ್ತಲಿನವರ ವಿರೋಧ ಕಟ್ಟಿಕೊಂಡರು, ಘಟ್ಟದ ಮೇಲಿನ ಗಂಗಾಮೂಲದ ಕಾಡಿನಲ್ಲಿ ಹೋಗಿ ನೆಲೆಸಿದರು. ಅಲ್ಲಿ 1858ರಲ್ಲಿ ಹುಟ್ಟಿದ ಮಗಳೇ ಪಂಡಿತಾ ರಮಾಬಾಯಿ. 1870ರ ದಶಕದ ಬರಗಾಲ ಅವಳ ತಂದೆ, ತಾಯಿ, ಅಕ್ಕ ಮೂವರನ್ನೂ ನುಂಗಿತು. ಅಣ್ಣನ ಜೊತೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿ ಕಲ್ಕತ್ತೆ ಮುಟ್ಟಿದಾಗ ಅಲ್ಲಿನ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಜಾತಿ ಮೀರಿ ಬಂಗಾಳದ ವಕೀಲರೊಬ್ಬರನ್ನು ಮದುವೆಯಾದಳು. ಎರಡು ವರ್ಷವೂ ತುಂಬುವ ಮುನ್ನ ಅವರು ಕಾಲರಾಕ್ಕೆ ತೀರಿಕೊಂಡರು. ಕೈಗೂಸನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಹೋಗಿ, 1883ರಲ್ಲಿ ವಾಂಟೇಜ್ ಎಂಬ ಊರಿನ ಕನ್ಯಾಮಠದಲ್ಲಿದ್ದಾಗ ದೀಕ್ಷಾಸ್ನಾನ ಪಡೆದಳು.

ಇಲ್ಲಿಂದ ಮುಂದಿನದನ್ನು ನೀನು ಗಮನಿಸಬೇಕು. ಅವಳನ್ನು ಪೊರೆದ ಮಠದ ಸೋದರಿಯರು ಒಳ್ಳೆಯವರು, ಅವಳ ಮೇಲೆ ಪ್ರೀತಿ ಇಟ್ಟವರು. ಆದರೂ ಲ್ಯಾಟಿನ್ ಅಕ್ಷರ ಕೆತ್ತಿದ ಶಿಲುಬೆ ಧರಿಸಬೇಕೆಂದಾಗ ರಮಾಬಾಯಿ ಒಪ್ಪಲಿಲ್ಲ. ನನ್ನ ದೇಶದ ಸಂಸ್ಕೃತದಲ್ಲಿ ಏಕಿರಬಾರದು ಎಂದು ಕೇಳಿದಳು. ಮಾಂಸ ಮುಟ್ಟಲಿಲ್ಲ, ಸೀರೆ ಬಿಡಲಿಲ್ಲ. ಹೆಂಗಸು ಗಂಡುಹುಡುಗರಿಗೆ ಪಾಠ ಹೇಳಬಾರದೆಂದು ಬಿಷಪ್ಪರು ಆಕ್ಷೇಪಿಸಿದಾಗ, ತನ್ನ ಸ್ವಾತಂತ್ರ್ಯದ ಮೇಲೆ ಕೈಹಾಕುವ ಅಧಿಕಾರ ಯಾರಿಗೂ ಇಲ್ಲ ಎಂಬ ಧಾಟಿಯಲ್ಲಿ ಉತ್ತರ ಬರೆದಳು. ಒಂದು ಪುರೋಹಿತವರ್ಗದ ನೊಗ ಕಳಚಿ ಬಂದವಳು ಇನ್ನೊಂದಕ್ಕೆ ಕತ್ತು ಕೊಡುವುದಿಲ್ಲ ಎಂಬುದು ಅವಳ ನಿಲುವು. ಹಾಗೆಂದು ತನ್ನ ಪಾಡಿಗೆ ತಾನು ಇರಲಿಲ್ಲ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಾಗ, ಬ್ರಾಹ್ಮಣ ಹುಡುಗಿಯರು ತಮ್ಮ ಮಡಿ, ಅಡುಗೆಯ ಕಟ್ಟಳೆಗಳನ್ನು ಪಾಲಿಸಿಕೊಂಡೇ ಇರಲು ಬಿಟ್ಟಳು. ತಾನು ದಾಟಿ ಬಂದದ್ದನ್ನು ಅವರೂ ಇವತ್ತೇ ದಾಟಬೇಕೆಂದು ಹಟ ಹಿಡಿಯಲಿಲ್ಲ. ಮುಂದೆ ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಆಶ್ರಮ ಕಟ್ಟಿ, ಬರದಲ್ಲಿ ಬೀದಿಗೆ ಬಿದ್ದ ನೂರಾರು ಹೆಣ್ಣುಮಕ್ಕಳನ್ನು ತಂದು ಸಾಕಿದಳು. ನಮ್ಮ ಗುಲ್ಬರ್ಗಕ್ಕೂ ಅವಳು, ಮಗಳು ಮನೋರಮಾ ಸೇರಿ ಒಂದು ಶಾಲೆ ತಂದರು. 1922ರಲ್ಲಿ ತೀರಿಕೊಳ್ಳುವವರೆಗೂ ಹೀಬ್ರೂ, ಗ್ರೀಕ್ ಮೂಲದಿಂದ ಸತ್ಯವೇದವನ್ನು ಮರಾಠಿಗೆ ತರುವ ಕೆಲಸದಲ್ಲಿದ್ದಳು. ಯಾರ ಮುಂದೆಯೂ ತಲೆ ಬಗ್ಗಿಸದವಳು ಅನಾಥ ಹುಡುಗಿಯರ ತಲೆ ಬಾಚುತ್ತ ಆಯುಸ್ಸು ಕಳೆದಳು. ವಿಶ್ವಾಸಿಯ ಸ್ವಾತಂತ್ರ್ಯ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಮಾಳದ ಕಡೆ ಕೈ ತೋರಿಸುತ್ತೇನೆ.

ಹಾಗಾಗಿ ಬಳೆಯ ವಿಚಾರ ನಿನಗೆ ಬಿಟ್ಟದ್ದು. ಸರಳವಾಗಿರಬೇಕೆಂದು ನಿನಗೇ ಅನಿಸಿದರೆ ತೆಗೆದಿಡು, ಚಿನ್ನದ ಬೆಲೆ ನೋಡಿದರೆ ಜಾಣತನವೂ ಹೌದು! ತೆಗೆದವರು ಪರಿಶುದ್ಧರು, ತೊಟ್ಟವರು ಲೋಕದವರು ಎಂಬ ಮಾತು ಬಂದ ಕೂಡಲೇ ಅಲ್ಲಿಂದ ಎದ್ದು ಬಾ. ದಶಮಾಂಶ ಕೊಡುವುದಾದರೆ ಲೆಕ್ಕಪತ್ರ ತೋರಿಸುವವರಿಗೆ ಕೊಡು. ಕೇಳಿದರೆ ಸಿಟ್ಟಾಗುವವರಿಗೆ ಬೇಡ. ಮದುವೆಯ ವಿಷಯದಲ್ಲಿ ಪ್ರಾರ್ಥಿಸುತ್ತೇವೆ ಎಂದವರಿಗೆ ವಂದನೆ ಹೇಳು. ತೀರ್ಮಾನವನ್ನು ಅವರ ಕೈಗೆ ಕೊಡಬೇಡ.

ಇಷ್ಟು ಹೇಳಿ ಆ ಗುಂಪನ್ನು ಬೈದು ಪತ್ರ ಮುಗಿಸಿದರೆ ನಮ್ಮವರಿಗೆ ಬಹಳ ಸಂತೋಷವಾದೀತು. ಮುಗಿಸುವುದಿಲ್ಲ. ಅವರ ನೊಗ ಕಣ್ಣಿಗೆ ಕಾಣುತ್ತದೆ, ನಮ್ಮದು ಅಡುಗೆಮನೆಯ ಹಿಂದೆ ಇದೆ.

ಪೌಲನಿಗೆ ಮೈಯೆಲ್ಲ ಉರಿದದ್ದು ಮಾಂಸದ ಅಂಗಡಿಯ ವಿಷಯಕ್ಕಲ್ಲ, ಪಂಕ್ತಿಯ ವಿಷಯಕ್ಕೆ. ಅಂತಿಯೋಕ್ಯದ ಸಭೆಯಲ್ಲಿ ಯೆಹೂದ್ಯರೂ ಅನ್ಯಜನರೂ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಪೇತ್ರನೂ ಅವರ ಜೊತೆ ಕೂತಿದ್ದ. ಯೆರೂಸಲೇಮಿನಿಂದ ಹಿರಿಯರ ಕಡೆಯವರು ಬಂದರು ನೋಡು, ಪೇತ್ರ ಮೆಲ್ಲಗೆ ಹಿಂದೆ ಸರಿದ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಸರಿದರು, ಕೊನೆಗೆ ಬಾರ್ನಬನೂ ಜಾರಿದ. ನಂಬಿಕೆಯ ಯಾವ ಸೂತ್ರವನ್ನೂ ಪೇತ್ರ ಅಲ್ಲಗಳೆದಿರಲಿಲ್ಲ. ತಟ್ಟೆ ಎತ್ತಿಕೊಂಡು ಬೇರೆ ಕಡೆ ಕೂತ, ಅಷ್ಟೆ. ಪೌಲ ಎಲ್ಲರ ಎದುರಿಗೇ ಅವನನ್ನು ಹಿಡಿದು ನಿಲ್ಲಿಸಿ ಕೇಳಿದ. ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಈ ಜಗಳ ಇದೆ.

ನಮ್ಮ ಕರಾವಳಿಯಲ್ಲಿ ಇದು ಹಳೆಯ ಕತೆಯಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ದೀಕ್ಷಾಸ್ನಾನ ಪಡೆದವರನ್ನು ಮನೆಯವರು ಹೊರಗೆ ಹಾಕಿದರು, ಕುಲಕಸುಬು ತಪ್ಪಿತು. ಅವರ ಹೊಟ್ಟೆಪಾಡಿಗಾಗಿಯೇ ಮಗ್ಗಗಳು ಬಂದವು, 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ ಬಂತು. ಸಾರಸ್ವತ ಬ್ರಾಹ್ಮಣ ಕುಟುಂಬದ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷೆ ಪಡೆದು, ಮುಂದೆ ಕೊಡಗಿನ ಆನಂದಪುರದಲ್ಲಿ ದಲಿತ ವಿಶ್ವಾಸಿಗಳ ನಡುವೆ ಸೇವೆ ಮಾಡಿದರು. ನಮ್ಮ ಹಿರಿಯರು ಜಾತಿಯನ್ನು ಹೊಸ್ತಿಲಲ್ಲಿ ಬಿಟ್ಟು ಒಳಗೆ ಬಂದವರು ಎಂದು ವಾರ್ಷಿಕೋತ್ಸವದ ಭಾಷಣಗಳಲ್ಲಿ ಹೇಳಿಕೊಳ್ಳುತ್ತೇವೆ.

ಆದರೆ ಆರಾಧನೆ ಮುಗಿದ ಮೇಲೆ ಕಾಂಪೌಂಡಿನ ಗೋಡೆಯ ಪಕ್ಕ ನಡೆಯುವ ಮಾತು ಕೇಳಿದ್ದೀಯಲ್ಲ? “ಹುಡುಗ ಒಳ್ಳೆಯವನೇ, ಓದಿದ್ದಾನೆ, ಗಾಯನವೃಂದದಲ್ಲೂ ಇದ್ದಾನೆ. ಆದರೆ ಅವರು ಮೂಲದಲ್ಲಿ ಯಾವ ಕಡೆಯವರು?” ಮೂರು ನಾಲ್ಕು ತಲೆಮಾರು ಕಳೆದರೂ ‘ಮೂಲ’ ಬಿಟ್ಟಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ ಇಲ್ಲ. ಕ್ರೈಸ್ತರಲ್ಲಿ ಜಾತಿಯಿಲ್ಲ ಎಂಬ ವಾದವನ್ನು ನಂಬುವವರು ನಮ್ಮ ಮದುವೆ ದಲ್ಲಾಳಿಗಳ ಹತ್ತಿರ ಒಂದು ದಿನ ಕೂರಬೇಕು. ಒಂದೇ ಪಾತ್ರೆಯಿಂದ ಕರ್ತನ ಭೋಜನ ತೆಗೆದುಕೊಂಡ ಬಾಯಿಯಿಂದಲೇ ಆ ಪ್ರಶ್ನೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿದ ಒಂದು ಸ್ಟೀಲ್ ಲೋಟ ಇರುತ್ತದೆ. ತಳದಲ್ಲಿ ಸ್ವಲ್ಪ ತಗ್ಗಿದೆ, ಕಂಠಕ್ಕೆ ಚಹದ ಕಂದು ಗೆರೆ ಹತ್ತಿದೆ. ಅದು ಕೆಲಸಕ್ಕೆ ಬರುವವಳದು. ಅವಳು ತಾನೇ ತೊಳೆದು, ತಾನೇ ಮಗುಚಿ ಇಟ್ಟು ಹೋಗಬೇಕು. ನಡುಮನೆಯ ಗೋಡೆಯ ಮೇಲೆ ಶಿಷ್ಯರ ಕಾಲು ತೊಳೆಯುವ ಯೇಸುವಿನ ಚಿತ್ರ.

ನಿನ್ನ ಬ್ರದರ್ ಹೇಳಿದ ನಿಯಮಗಳಿಗಿಂತ ಈ ಲೋಟ ನನಗೆ ಹೆಚ್ಚು ಭಾರವಾಗಿ ಕಾಣುತ್ತದೆ. ಅವರ ನಿಯಮವನ್ನು ನೀನು ನಾಳೆಯೇ ಬಿಟ್ಟು ಬರಬಹುದು. ಲೋಟದ್ದು ನಮಗೆ ನಿಯಮ ಅಂತಲೇ ಗೊತ್ತಿಲ್ಲ. ಬೆಂಗಳೂರಿನಲ್ಲಿ ನೀವು ಮೂವರು ಹುಡುಗಿಯರು ಬಾಡಿಗೆ ಮನೆ ಹಿಡಿಯುವ ಯೋಚನೆಯಲ್ಲಿದ್ದೀರಂತೆ. ಪಾತ್ರೆ ತೊಳೆಯಲು ಬರುವವಳಿಗೆ ನೀವು ಕುಡಿಯುವ ಲೋಟದಲ್ಲೇ ಚಹ ಕೊಡಿ, ಕುರ್ಚಿಯಲ್ಲಿ ಕೂರಿಸಿ ಕೊಡಿ, ತಿಂಗಳ ಸಂಬಳ ಒಂದನೇ ತಾರೀಖಿಗೆ ಕೊಡಿ. ಜ್ವರವೆಂದು ಬಾರದ ದಿನದ ದುಡ್ಡು ಹಿಡಿಯಬೇಡಿ. ನಾಳೆ ನಿನ್ನ ಮದುವೆಯ ಮಾತು ಬಂದಾಗ ಹುಡುಗನ ಗುಣ ಕೇಳು, ಸಾಲ ಕೇಳು, ಅಮ್ಮನ ಜೊತೆ ಹೇಗೆ ಮಾತಾಡುತ್ತಾನೆ ನೋಡು. ಮೂಲ ಕೇಳುವವರು ನಮ್ಮ ಮನೆಯಲ್ಲೇ ಎದ್ದರೆ ಅವರನ್ನು ನನ್ನ ಹತ್ತಿರ ಕಳಿಸು.

ಇನ್ನೊಂದು ಪ್ರಶ್ನೆ: ಆಫೀಸಿನಲ್ಲಿ ಸುಳ್ಳು ಬಿಲ್ಲಿಗೆ ಸಹಿ ಹಾಕು ಎಂದರೆ ಏನು ಮಾಡಲಿ ಎಂದೂ ಕೇಳಿದ್ದೀಯ. ಅದಕ್ಕೆ ದೈವಜ್ಞಾನ ಬೇಕಿಲ್ಲ, ಸಹಿ ಹಾಕಬೇಡ. ಹಾಕದ್ದಕ್ಕೆ ಬಡ್ತಿ ತಡವಾದರೆ ತಡವಾಗಲಿ. ಅದನ್ನು ಪ್ರಾರ್ಥನಾ ಕೂಟದಲ್ಲಿ ಸಾಕ್ಷಿ ಹೇಳಿ ಮೆರೆಯುವುದೂ ಬೇಡ.

ಇನ್ನು ಆ ಗುಂಪಿಗೆ ಹೋಗುವುದೋ ಬಿಡುವುದೋ ಎಂಬ ಕೊನೆಯ ಪ್ರಶ್ನೆ. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಇರುವುದು ಆರೇ ಅಧ್ಯಾಯ. ಒಂದು ರಾತ್ರಿ ಮೊಬೈಲ್ ಪಕ್ಕಕ್ಕಿಟ್ಟು ಒಂದೇ ಸಲಕ್ಕೆ ಕೂತು ಓದಿ ಮುಗಿಸು. ಬೇರೆಯವರ ವ್ಯಾಖ್ಯಾನ ಬೇಡ, ನನ್ನದೂ ಬೇಡ. ಓದಿದ ಮೇಲೆ ನಿನ್ನ ತೀರ್ಮಾನ ನೀನೇ ಮಾಡು. ದೊಡ್ಡಮ್ಮನ ಅನುಮತಿಗೆ ಕಾಯಬೇಡ.

ಇಂತಿ,
ನಿನ್ನ ದೊಡ್ಡಮ್ಮ
ಕಾರ್ಕಳ